ಎಕ್ಸ್‌ರೇ ನಾರ್ಮಲ್, ಪಾದದ ಬಾವು ಮಾತ್ರ ಇಳಿದಿಲ್ಲ: ಎಲ್ಲಿ ಹುಡುಕಬೇಕು?

"ಎಕ್ಸ್‌ರೇಯಲ್ಲಿ ಎಂತದೂ ಇಲ್ಲ ಅಂತ ಹೇಳಿದ್ದಾರೆ ಡಾಕ್ಟ್ರೇ. ಮತ್ತೆ ಬಾವು ಯಾಕೆ ಇಳಿಯುವುದಿಲ್ಲ?"

ಕಾಸರಗೋಡು ಕಡೆ ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವ ನನಗೆ ತುಂಬಾ ಸಲ ಎದುರಾಗುವ ಪ್ರಶ್ನೆ ಇದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದವರು ಕೇಳುತ್ತಾರೆ, ಕುಂಬಳೆ, ಉಪ್ಪಳದ ಅಂಗಡಿಯವರು ಕೇಳುತ್ತಾರೆ, ಕಡಲ ಕರೆಯ ಮೀನುಗಾರರೂ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಎಕ್ಸ್‌ರೇ ಕೆಲಸ ಮಾಡುವ ರೀತಿಯಲ್ಲೇ ಇದೆ.

ಎಕ್ಸ್‌ರೇಗೆ ದೇಹದೊಳಗೆ ಬೇರೆ ಬೇರೆಯಾಗಿ ಕಾಣುವುದು ನಾಲ್ಕೇ. ಗಾಳಿ ಕಪ್ಪು. ಕೊಬ್ಬು ಗಾಢ ಬೂದು. ನೀರಿನಂಶ ಇರುವುದೆಲ್ಲ ತಿಳಿ ಬೂದು. ಎಲುಬು ಬಿಳಿ. ಸ್ನಾಯು, ರಕ್ತ, ಕೀವು, ಸುಮ್ನೆ ಸೇರಿದ ನೀರು, ಎಲ್ಲವೂ ಆ ಒಂದೇ ತಿಳಿ ಬೂದಿನಲ್ಲಿ ಬರುತ್ತವೆ. ಹಾಗಾಗಿ ಬಾವು ಇದೆ ಅಂತ ಎಕ್ಸ್‌ರೇ ಹೇಳಬಹುದು, ಬಾವಿನ ಒಳಗೆ ಏನಿದೆ ಅಂತ ಹೇಳುವುದು ಅದರಿಂದ ಆಗದು. "ಎಲುಬು ಸರಿ ಇದೆ" ಅನ್ನುವ ರಿಪೋರ್ಟನ್ನು "ಕಾಲು ಸರಿ ಇದೆ" ಅಂತ ಓದಿಕೊಂಡರೆ ಅಲ್ಲಿಂದಲೇ ದಾರಿ ತಪ್ಪುತ್ತದೆ.

ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಪ್ರತಿಯೊಂದಕ್ಕೂ ಕಾಣದ ಜಾಗ ಅಂತ ಒಂದಿದೆ. ಏನು ಹುಡುಕುತ್ತಿದ್ದೇವೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಸರಿಯಾದ ಚಿತ್ರ ತೆಗೆಯಬಹುದು. ಮನೆಯವರಿಗೂ, ಹಳ್ಳಿಯ ಕ್ಲಿನಿಕ್ಕಿನಲ್ಲಿ ಕೂತ ಕಿರಿಯ ವೈದ್ಯರಿಗೂ ಉಪಯೋಗ ಆಗಲಿ ಅಂತ ಆ ಹುಡುಕಾಟದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರಕ್ಕೆ ಕಾಯಬಾರದ ಬಾವು

ಹಾವು ಕಚ್ಚಿ ಬಂದ ಬಾವಿಗೆ ಎಕ್ಸ್‌ರೇ, ಸ್ಕ್ಯಾನ್ ಅಂತ ಹೊತ್ತು ಕಳೆಯಬಾರದು. ಮಳೆಗಾಲದಲ್ಲಿ ತೋಟದೊಳಗೆ, ಹುಲ್ಲಿನ ನಡುವೆ "ಏನೋ ಚುಚ್ಚಿತು" ಅಂತ ಅನಿಸಿ ಕಾಲು ಬೇಗ ಬೇಗ ಬಾತುಕೊಂಡರೆ ಹಾವು ಅಂತಲೇ ತಿಳಿದು ಹೊರಡಿ. ಹಗ್ಗ ಬಿಗಿಯುವುದು ಬೇಡ, ಕೊಯ್ಯುವುದು ಬೇಡ, ಕಾಲು ಅಲುಗಾಡಿಸುವುದೂ ಬೇಡ. ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಅಲ್ಲಿ ಮಾಡುವ ಮೊದಲ ಪರೀಕ್ಷೆ ಬಹಳ ಸರಳ. ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಾರೆ. ಅದು ಹೆಪ್ಪುಗಟ್ಟಿದೆಯಾ ಇಲ್ಲವಾ ಅಂತ ನೋಡುತ್ತಾರೆ.

ಇನ್ನೂ ಕೆಲವು ಇವೆ. ಕೆಂಪು ಬಣ್ಣ ಗಂಟೆಗಂಟೆಗೆ ಮೇಲೆ ಏರುತ್ತಿದೆ, ನೋವು ತಡೆಯಲಾಗದಷ್ಟಿದೆ, ಚರ್ಮ ಒತ್ತಿದರೆ ಒಳಗೆ ಚರಚರ ಅನ್ನುತ್ತದೆ ಎಂದಾದರೆ ಒಳಗೆ ಗ್ಯಾಸ್ ಉಂಟುಮಾಡುವ ಸೋಂಕು ಇರಬಹುದು. ಪಾದ ತಣ್ಣಗಾಗಿ ನೀಲಿಗಟ್ಟಿದರೆ ರಕ್ತ ಬರುತ್ತಿಲ್ಲ. ಒಂದೇ ಕಾಲು ಬಾತು, ಜೊತೆಗೆ ಏಕಾಏಕಿ ಉಸಿರಾಟಕ್ಕೆ ಕಷ್ಟ ಆದರೆ ಕಾಲಿನ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಇವು ಯಾವುದಕ್ಕೂ ನಾಳೆ ಬೆಳಗ್ಗೆಯ ಅಪಾಯಿಂಟ್‌ಮೆಂಟ್ ಕಾಯಬಾರದು.

ಒಂದು ಕಾಲಾ, ಎರಡೂ ಕಾಲಾ?

ಈ ಒಂದು ಪ್ರಶ್ನೆಯಿಂದ ಎಷ್ಟೋ ಸ್ಕ್ಯಾನ್ ಉಳಿಯುತ್ತದೆ. ಎರಡೂ ಪಾದ ಬಾತಿದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ. ಇಂಥ ಕಡೆ ದೋಷ ಹೆಚ್ಚಾಗಿ ಪಾದದಲ್ಲಿ ಇರುವುದಿಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಇವುಗಳಲ್ಲಿ ಒಂದು ಇರಬಹುದು. ಪಾದದ ಎಕ್ಸ್‌ರೇ ತೆಗೆದರೆ ದುಡ್ಡು ದಂಡ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ, ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿಸಿ, ಹೃದಯದ ಎಕೋ ಮಾಡಿಸಿ.

ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಎರಡೂ ಕಾಲಿನ ಹರಡು, ಅಂದರೆ ಪಾದ ಕಾಲಿಗೆ ಸೇರುವ ಕೀಲು, ಬಾಯುತ್ತದೆ. ಡೋಸ್ ಹೆಚ್ಚಿದಷ್ಟೂ ಇದು ಜಾಸ್ತಿ. ಮಾತ್ರೆಯ ಪಟ್ಟಿ ನೋಡದೆ ಕಾಲು ನೋಡಬಾರದು ಅಂತ ನಾನು ಹೇಳುವುದು ಇದಕ್ಕೇ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಒಂದೇ ಕಾಲಾದರೆ ಹುಡುಕಾಟ ಕಾಲಿನಲ್ಲೇ ಶುರು. ಎಲ್ಲಿ ನೋವು ಅಂತ ಒಂದೇ ಬೆರಳಿನಿಂದ ತೋರಿಸಲು ಹೇಳಿ. ಒಂದು ಚುಕ್ಕೆಯನ್ನು ತೋರಿಸಿದರೆ ಒಂದು ದಾರಿ, ಇಡೀ ಪಾದದ ಮೇಲೆ ಕೈ ಸವರಿ "ಇಲ್ಲೆಲ್ಲ" ಅಂದರೆ ಬೇರೆ ದಾರಿ.

ಪೆಟ್ಟು ಬಿದ್ದ ಮೇಲೆ ಬಂದ ಬಾವು

ಕಾಲು ಉಳುಕಿದಾಗ ಎಲ್ಲರಿಗೂ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ರೂಪಿಸಿದ ಒಂದು ನಿಯಮ ಇಂದಿಗೂ ಚೆನ್ನಾಗಿ ನಡೆಯುತ್ತದೆ. ಪಾದದ ಮಟ್ಟಿಗೆ ಅದು ಕೇಳುವುದು ಇಷ್ಟೇ: ಕಿರುಬೆರಳಿನ ಉದ್ದ ಎಲುಬಿನ ಬುಡ ಒತ್ತಿದರೆ ನೋವಾ? ಒಳಬದಿಯ ದೋಣಿ ಎಲುಬು ಒತ್ತಿದರೆ ನೋವಾ? ಪೆಟ್ಟು ಬಿದ್ದ ಕೂಡಲೇ ಮತ್ತು ಈಗಲೂ ನಾಲ್ಕು ಹೆಜ್ಜೆ ಇಡಲು ಆಗುವುದಿಲ್ಲವಾ? ಪಾದದ ನಡುಭಾಗದಲ್ಲಿ ನೋವಿದ್ದು ಇವುಗಳಲ್ಲಿ ಒಂದಕ್ಕೆ "ಹೌದು" ಬಂದರೂ ಎಕ್ಸ್‌ರೇ ಬೇಕು.

ಆ ಕಿರುಬೆರಳಿನ ಎಲುಬಿನ ಬುಡದಲ್ಲೇ ಮಕ್ಕಳ ಎಕ್ಸ್‌ರೇ ಫಿಲ್ಮ್ ನೋಡುವಾಗ ಗಲಿಬಿಲಿ ಆಗುವುದು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿ ಒಂದು ಸಣ್ಣ ಎಲುಬಿನ ತುಂಡು ಬೇರೆಯಾಗಿಯೇ ಇರುತ್ತದೆ. ಅದರ ಗೆರೆ ಎಲುಬಿನ ಉದ್ದಕ್ಕೆ ಸಾಗುತ್ತದೆ. ಮುರಿತದ ಗೆರೆ ಸಾಧಾರಣವಾಗಿ ಅಡ್ಡಕ್ಕೆ ಇರುತ್ತದೆ. ಗೆರೆ ಉದ್ದಕ್ಕಿದೆಯಾ ಅಡ್ಡಕ್ಕಿದೆಯಾ ಅಂತ ನೋಡಿದರೆ ಬೇಡದ ಪ್ಲಾಸ್ಟರ್ ತಪ್ಪುತ್ತದೆ.

ಅಂಗಾಲಿನ ನಡುವೆ ನೀಲಿ ಕಲೆ ಬಂದಿದ್ದರೆ ಜಾಗ್ರತೆ. ಪಾದದ ನಡುವಿನ ಎಲುಬುಗಳನ್ನು ಬಿಗಿದು ಹಿಡಿಯುವ ಲಿಸ್‌ಫ್ರಾಂಕ್ ಎಂಬ ಗಟ್ಟಿ ಕಟ್ಟು ಹರಿದಿರಬಹುದು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಇದು ನಾರ್ಮಲ್ ಆಗಿಯೇ ಕಾಣಬಹುದು. ನಿಂತು, ಪಾದದ ಮೇಲೆ ಭಾರ ಬಿಟ್ಟಾಗಲೇ ಹೆಬ್ಬೆರಳಿನ ಮತ್ತು ಎರಡನೇ ಬೆರಳಿನ ಉದ್ದ ಎಲುಬುಗಳ ನಡುವೆ ಸಂದು ತೆರೆಯುವುದು. ನೋವಿಗೆ ನಿಲ್ಲಲಿಕ್ಕೇ ಆಗದಿದ್ದರೆ ಸಿಟಿ ಅಥವಾ ಎಂಆರ್‌ಐ ಬೇಕು. ಇದನ್ನು "ಬರೀ ಉಳುಕು" ಅಂತ ಬಿಟ್ಟರೆ ಪಾದದ ಕಮಾನು ಕುಸಿದು ಜೀವನವಿಡೀ ನೋವು ಉಳಿಯುತ್ತದೆ.

ನಮ್ಮ ಊರಿನ ಮಟ್ಟಿಗೆ ನನಗೆ ಜಾಸ್ತಿ ಹೆದರಿಕೆ ಇರುವುದು ಅಡಿಕೆ ಮರ, ತೆಂಗಿನ ಮರದಿಂದ ಬಿದ್ದವರ ಹಿಮ್ಮಡಿಯ ಬಗ್ಗೆ. ಕೊಳೆರೋಗದ ಮದ್ದು ಬಿಡುವ ಹೊತ್ತಿಗೆ ಮರ ಜಾರುತ್ತಿರುತ್ತದೆ. ನಿಂತ ಭಂಗಿಯಲ್ಲೇ ಬಿದ್ದರೆ ಮೈಯ ಭಾರವೆಲ್ಲ ಹಿಮ್ಮಡಿಗೆ. ಎಲುಬು ಚೂರಾಗದೆ ಒಳಕ್ಕೆ ಕುಸಿದಿದ್ದರೆ ಗೆರೆ ಎದ್ದು ಕಾಣುವುದಿಲ್ಲ. ಆಗ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಬೋಲರ್ ಕೋನ, ಅಂದರೆ ಹಿಮ್ಮಡಿ ಎಲುಬಿನ ಮೇಲಂಚಿಗೆ ಎಳೆದ ಎರಡು ಗೆರೆಗಳ ನಡುವಿನ ಕೋನ, ಅಳೆಯಬೇಕು. ಅದು 20ರಿಂದ 40 ಡಿಗ್ರಿ ಒಳಗೆ ಇರಬೇಕು. 20ಕ್ಕಿಂತ ಕೆಳಗಿಳಿದರೆ ಹಿಮ್ಮಡಿ ಕುಸಿದಿದೆ ಅಂತ ಅರ್ಥ. ಅನುಮಾನ ಇದ್ದರೆ ಮತ್ತೊಂದು ಕಾಲಿನದ್ದನ್ನೂ ಅಳೆದು ಹೋಲಿಸಿ. ಮುಂದೆ ಸಿಟಿ ಬೇಕಾಗುತ್ತದೆ.

ಅಲ್ಲಿಗೆ ಮುಗಿಯುವುದಿಲ್ಲ. ಹೀಗೆ ಹಿಮ್ಮಡಿ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಕಾಲಿನ ನೋವಿನ ಅಬ್ಬರದಲ್ಲಿ ಬೆನ್ನು ನೋವು ಹೇಳಲು ಅವರಿಗೇ ಮರೆತಿರುತ್ತದೆ. ಮರದಿಂದ ಬಿದ್ದವರ ಬೆನ್ನು ಒತ್ತಿ ನೋಡದೆ, ಮತ್ತೊಂದು ಹಿಮ್ಮಡಿ ನೋಡದೆ ಮನೆಗೆ ಕಳಿಸಬಾರದು.

ಪೆಟ್ಟೇ ಬಿದ್ದಿಲ್ಲ, ನಡಿಗೆ ಮಾತ್ರ ಒಮ್ಮೆಲೇ ಜಾಸ್ತಿ ಆಗಿದೆ, ಪಾದದ ಮೇಲೆ ಒಂದೇ ಚುಕ್ಕೆಯಲ್ಲಿ ನೋವು ಮತ್ತು ಬಾವು ಅಂದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ. ಎಲುಬು ಕೂಡಿಕೊಳ್ಳಲು ಶುರು ಮಾಡಿದ ಮೇಲೆ ಅದರ ಸುತ್ತ ಹೊಸ ಬಿಳಿ ಪದರ ಬರುತ್ತದೆ. ಆಗ ಕಾಣುತ್ತದೆ. ಎಂಆರ್‌ಐಯಲ್ಲಿ ಬೇಗನೇ ಸಿಗುತ್ತದೆ. ಆದರೆ ಕಾಲಿಗೆ ವಿಶ್ರಾಂತಿ ಕೊಟ್ಟು ಎರಡು ವಾರ ಬಿಟ್ಟು ಮತ್ತೊಂದು ಎಕ್ಸ್‌ರೇ ತೆಗೆದರೂ ಎಷ್ಟೋ ಜನರಿಗೆ ಸಾಕಾಗುತ್ತದೆ.

ಮುಳ್ಳು ತೆಗೆದಾಗಿದೆ, ಆದರೂ ಬಾವು

ಇದು ನಮ್ಮ ತೋಟಗಳ ಖಾಯಂ ಸಮಸ್ಯೆ. ಬಿದಿರಿನ ಸಿಬಿರು, ಅಡಿಕೆ ಸಲಾಕೆಯ ಸಿಬಿರು, ಬೇಲಿಯ ಮುಳ್ಳು. ಚುಚ್ಚಿದ ದಿನವೇ ಪಿನ್ನಿನಿಂದ ತೆಗೆದಿರುತ್ತಾರೆ. ಗಾಯ ಮಾಯುತ್ತದೆ. ವಾರಗಟ್ಟಲೆ ಕಳೆದು ಅದೇ ಜಾಗ ಬಾಯುತ್ತದೆ. ಆಂಟಿಬಯೋಟಿಕ್ ತೆಗೆದುಕೊಂಡರೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಬರುತ್ತದೆ.

"ಮುಳ್ಳು ಪೂರ್ತಿ ಬಂದಿತ್ತಾ ಅಣ್ಣ?"

"ಬಂದಿತ್ತು ಡಾಕ್ಟ್ರೇ. ನಾನೇ ಕಂಡಿದ್ದೇನೆ. ಇಷ್ಟುದ್ದ."

"ತುದಿ ಚೂಪು ಇತ್ತಾ, ಮುರಿದ ಹಾಗೆ ಇತ್ತಾ?"

ಅಲ್ಲಿ ಸಾಮಾನ್ಯವಾಗಿ ಒಂದು ಕ್ಷಣ ಸುಮ್ಮನಾಗುತ್ತಾರೆ. ತುದಿ ಯಾರೂ ನೋಡಿರುವುದಿಲ್ಲ.

ಮರದ ತುಂಡು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಒಳಗೆ ಸೇರಿದ ಮೇಲೆ ಅದು ನೀರು ಹೀರಿ ಸುತ್ತಲಿನ ಮಾಂಸದ ಬೂದು ಬಣ್ಣಕ್ಕೇ ಬಂದುಬಿಡುತ್ತದೆ. ಕಬ್ಬಿಣ ಕಾಣುತ್ತದೆ, ಕಲ್ಲು ಕಾಣುತ್ತದೆ. ಗಾಜು ಕಾಣುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ, ಅದು ಸರಿಯಲ್ಲ. ತೀರಾ ಸಣ್ಣ ಚೂರು ಅಲ್ಲದಿದ್ದರೆ ಗಾಜು ಎಕ್ಸ್‌ರೇಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ತೊರಕೆ ಮೀನಿನ ಮುಳ್ಳೂ ಸಾಧಾರಣವಾಗಿ ಕಾಣುತ್ತದೆ.

ಮರದ ಸಿಬಿರಿಗೆ ಬೇಕಾದದ್ದು ಅಲ್ಟ್ರಾಸೌಂಡ್. ಹೊಟ್ಟೆಗೆ ಇಡುವ ಪ್ರೋಬ್ ಅಲ್ಲ, ಚರ್ಮದ ಹತ್ತಿರದ್ದನ್ನು ತೋರಿಸುವ ಲೀನಿಯರ್ ಪ್ರೋಬ್. 10 ಮೆಗಾಹರ್ಟ್ಸ್‌ಗಿಂತ ಮೇಲಿನದ್ದಾದರೆ ಒಳ್ಳೆಯದು. ಅಂಗಾಲಿನ ದಪ್ಪ ಚರ್ಮದ ಮೇಲೆ ಜೆಲ್ ಧಾರಾಳ ಹಾಕಬೇಕು. ಬೆರಳುಗಳ ಸಂದಿಯಾದರೆ ಪಾದವನ್ನು ನೀರಿನ ಟಬ್ಬಿನಲ್ಲಿ ಇಳಿಸಿ, ಪ್ರೋಬನ್ನು ಚರ್ಮಕ್ಕೆ ತಾಗಿಸದೆ ನೀರಿನ ಮೂಲಕವೇ ನೋಡಬಹುದು. ನೋವೂ ಆಗುವುದಿಲ್ಲ. ಪರದೆಯ ಮೇಲೆ ಸಿಬಿರು ಒಂದು ಸಣ್ಣ ಹೊಳೆಯುವ ಗೀಟಾಗಿ ಬರುತ್ತದೆ. ಅದರ ಕೆಳಗೆ ಕಪ್ಪು ನೆರಳು. ಹಳೆಯದಾಗಿದ್ದರೆ ಸುತ್ತಲೂ ಕಪ್ಪು ಅಂಚು, ಅದು ದೇಹವೇ ಕಟ್ಟಿದ ಉರಿಯೂತದ ಪದರ. ಪ್ರೋಬ್ ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಚುಕ್ಕೆಯಾಗಿದ್ದದ್ದು ಒಂದು ಕೋನದಲ್ಲಿ ಗೀಟಾಗಿ ಎಳೆದುಕೊಳ್ಳುತ್ತದೆ. ಅದೇ ಸಿಬಿರಿನ ಉದ್ದ. ಎರಡು ಮೂರು ಮಿಲಿಮೀಟರಿನದ್ದೂ ಸಿಗುತ್ತದೆ.

ಸಿಕ್ಕಿದ ಮೇಲೆ ಎರಡು ಕೆಲಸ ಮಾಡಿಯೇ ಕಳಿಸಬೇಕು. ಎಷ್ಟು ಆಳ, ಯಾವ ದಿಕ್ಕು ಅಂತ ಬರೆಯಬೇಕು. ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಬೇಕು. ಗುರುತು ಇಲ್ಲದಿದ್ದರೆ ಸರ್ಜನ್ ಅಂಗಾಲು ಕೊಯ್ದು ಕುರುಡಾಗಿ ಹುಡುಕಬೇಕಾಗುತ್ತದೆ. ಅಂಗಾಲಿನ ಕಲೆ ನಡೆಯುವಾಗಲೆಲ್ಲ ನೋಯುತ್ತದೆ, ಅಲ್ವಾ? ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಅಲ್ಲೇ ಕೇಳಿಬಿಡಿ.

ಮುಳ್ಳು ಕೀಲಿನೊಳಗೆ ಉಳಿದರೆ ಆ ಕೀಲು ಮತ್ತೆ ಮತ್ತೆ ಬಾಯುತ್ತದೆ, ಸಂಧಿವಾತ ಅಂತ ಮದ್ದು ನಡೆಯುತ್ತಿರುತ್ತದೆ. ಎಲುಬಿಗೆ ತಾಗಿ ಉಳಿದರೆ ಎಲುಬು ಎಷ್ಟು ಕೆಡುತ್ತದೆಂದರೆ ಗೆಡ್ಡೆ ಇರಬಹುದು ಅಂತ ಅನುಮಾನ ಬರುತ್ತದೆ. ಬರಿಗಾಲಲ್ಲಿ ತೋಟಕ್ಕೆ ಹೋಗುವವರ ಕಾಲು ನೋಡುವಾಗ "ಯಾವಾಗಲಾದರೂ ಏನಾದರೂ ಚುಚ್ಚಿತ್ತಾ?" ಅಂತ ಕೇಳಲೇಬೇಕು.

ಶುಗರ್ ಇರುವವರ ಕೆಂಪು, ಬಿಸಿ, ನೋವಿಲ್ಲದ ಪಾದ

ಇದರಷ್ಟು ಮೋಸ ಮಾಡುವ ಬಾವು ಇನ್ನೊಂದಿಲ್ಲ. ಹತ್ತಾರು ವರ್ಷ ಶುಗರ್ ಇದೆ. ಪಾದದ ಸ್ಪರ್ಶ ಹೋಗಿದೆ. ಒಂದು ಪಾದ ಕೆಂಪಾಗಿ, ಬಿಸಿಯಾಗಿ ಬಾತಿದೆ. ನೋವು ಅಷ್ಟೇನೂ ಇಲ್ಲ, ಆದ್ದರಿಂದ ನಡೆಯುತ್ತಲೇ ಇರುತ್ತಾರೆ. ಎಕ್ಸ್‌ರೇ ನಾರ್ಮಲ್. ಸೋಂಕು ಅಂತ ಮಾತ್ರೆ ಕೊಡುತ್ತಾರೆ.

ಇದು ಶಾರ್ಕೋ ಪಾದ ಆಗಿರಬಹುದು. ಜಾನ್ ಮಾರ್ಟಿನ್ ಶಾರ್ಕೋ ಎಂಬ ಫ್ರೆಂಚ್ ವೈದ್ಯರು 1868ರಲ್ಲಿ ನರ ಕೆಟ್ಟ ಕೀಲುಗಳ ಬಗ್ಗೆ ಬರೆದರು, ಹೆಸರು ಅವರದ್ದು. ನೋವು ಗೊತ್ತಾಗದ ಪಾದದಲ್ಲಿ ಎಲುಬು ಸಣ್ಣಸಣ್ಣದಾಗಿ ಮುರಿಯುತ್ತಾ, ಕೀಲು ಜಾರುತ್ತಾ ಹೋಗುತ್ತದೆ. ಶುರುವಿನಲ್ಲಿ ಎಕ್ಸ್‌ರೇಗೆ ಏನೂ ಸಿಗುವುದಿಲ್ಲ. ಸಿಗುವ ಹೊತ್ತಿಗೆ ಪಾದದ ನಡುಭಾಗ ಕುಸಿದು ಅಂಗಾಲು ಹೊರಕ್ಕೆ ಉಬ್ಬಿರುತ್ತದೆ.

ಯಂತ್ರ ಇಲ್ಲದೆಯೂ ಒಂದಷ್ಟು ತಿಳಿಯಬಹುದು. ಮಲಗಿಸಿ ಕಾಲನ್ನು ಐದು ಹತ್ತು ನಿಮಿಷ ಎತ್ತರಕ್ಕೆ ಇಡಿ. ಶಾರ್ಕೋ ಆದರೆ ಕೆಂಪು ಸಾಮಾನ್ಯವಾಗಿ ಇಳಿಯುತ್ತದೆ, ಸೋಂಕಿನ ಕೆಂಪು ಉಳಿಯುತ್ತದೆ. ಎರಡೂ ಪಾದದ ಬಿಸಿ ಅಳೆದರೆ ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ಚರ್ಮದಲ್ಲಿ ಎಲ್ಲೂ ಹುಣ್ಣು ಇಲ್ಲ ಎಂದಾದರೆ ಶಾರ್ಕೋ ಅನುಮಾನ ಗಟ್ಟಿಯಾಗುತ್ತದೆ. ಎಲುಬಿನ ಸೋಂಕು ಇಂಥವರಲ್ಲಿ ಹೆಚ್ಚಾಗಿ ಹುಣ್ಣಿನ ಮೂಲಕವೇ ಒಳಗೆ ಹೋಗುವುದು. ಜಾಗವೂ ಸುಳಿವು ಕೊಡುತ್ತದೆ. ಶಾರ್ಕೋ ಪಾದದ ನಡುವೆ ಜಾಸ್ತಿ, ಸೋಂಕು ಬೆರಳುಗಳಲ್ಲಿ, ಬೆರಳ ಬುಡದಲ್ಲಿ, ಹಿಮ್ಮಡಿಯಲ್ಲಿ ಜಾಸ್ತಿ.

ಹುಣ್ಣು ಇದ್ದರೆ ವೈದ್ಯರು ಶುದ್ಧ ಮಾಡಿದ ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲಗೆ ಇಳಿಸಿ ನೋಡುತ್ತಾರೆ. ತುದಿ ಟಕ್ ಅಂತ ಎಲುಬಿಗೆ ತಾಗಿದರೆ ಎಲುಬಿಗೆ ಸೋಂಕು ಹೋಗಿರುವ ಸಾಧ್ಯತೆ ಜಾಸ್ತಿ. ಎಕ್ಸ್‌ರೇ ಇದನ್ನು ತೋರಿಸಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಯಾಕೆಂದರೆ ಎಲುಬಿನ ಸುಣ್ಣದಂಶ ಸುಮಾರು ಮೂರನೇ ಒಂದು ಭಾಗವಾದರೂ ಕರಗಿದ ಮೇಲೆಯೇ ಅದು ಫಿಲ್ಮಿನಲ್ಲಿ ಗೊತ್ತಾಗುವುದು. ಶಾರ್ಕೋನಾ ಸೋಂಕಾ ಅಂತ ತೀರ್ಮಾನ ಆಗದಿದ್ದರೆ ಎಂಆರ್‌ಐ. ಅಲ್ಲಿ ಎಲುಬಿನ ಮಜ್ಜೆಯ ಬಣ್ಣ, ಹುಣ್ಣಿನಿಂದ ಎಲುಬಿನವರೆಗಿನ ದಾರಿ, ಎರಡೂ ಕಾಣುತ್ತವೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಶಾರ್ಕೋ ಅನುಮಾನ ಬಂದ ಕ್ಷಣದಿಂದ ಆ ಕಾಲನ್ನು ನೆಲಕ್ಕೆ ಊರಬಾರದು. ಎಂಆರ್‌ಐಗೆ ದಿನ ಸಿಗುವವರೆಗೆ ನಡೆದಾಡುತ್ತಿದ್ದರೆ ಆ ನಡುವೆಯೇ ಪಾದ ಕುಸಿದುಹೋಗುತ್ತದೆ. ಮೊದಲು ಪ್ಲಾಸ್ಟರ್ ಅಥವಾ ಪಾದ ಅಲುಗದಂತೆ ಹಿಡಿಯುವ ಬೂಟು, ಆಮೇಲೆ ಸ್ಕ್ಯಾನ್.

ಇವರ ಎಕ್ಸ್‌ರೇಯಲ್ಲಿ ಬೆರಳ ಸಂದಿನಲ್ಲಿ ಸಣ್ಣ ಎರಡು ಬಿಳಿ ಗೆರೆ ಜೊತೆಜೊತೆಯಾಗಿ ಸಾಗುವುದು ಕಂಡರೆ ಅದನ್ನೂ ಬರೆಯಿರಿ. ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿದೆ ಅಂತ ಅದು ಹೇಳುತ್ತಿದೆ. ಅಂಥವರ ಕಾಲಿನ ಬಿಪಿ ಅಳತೆ ಸುಳ್ಳೇ ಜಾಸ್ತಿ ಬರುತ್ತದೆ, ರಕ್ತದ ಹರಿವು ಚೆನ್ನಾಗಿದೆ ಅಂತ ಮೋಸ ಹೋಗಬಹುದು.

ಉಳಿದ ಬಾವುಗಳು

ಪಾದದ ಜೊತೆ ಕಣಕಾಲೂ ಬಾತು, ಮೀನಖಂಡ ಒತ್ತಿದರೆ ನೋವಿದ್ದರೆ ಕಾಲಿನ ಡಾಪ್ಲರ್, ಅಂದರೆ ರಕ್ತನಾಳ ನೋಡುವ ಅಲ್ಟ್ರಾಸೌಂಡ್, ಮಾಡಿಸಿ. ಪರೀಕ್ಷೆ ಸರಳವಾದದ್ದು. ಅಭಿಧಮನಿಯನ್ನು ಪ್ರೋಬಿನಿಂದ ಒತ್ತುತ್ತೇವೆ. ಆರೋಗ್ಯವಾಗಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ, ಹೆಪ್ಪು ಇದ್ದರೆ ಮುಚ್ಚುವುದಿಲ್ಲ. ಮೀನಖಂಡದ ಸುತ್ತಳತೆ ಮತ್ತೊಂದು ಕಾಲಿನದ್ದಕ್ಕಿಂತ 3 ಸೆಂಟಿಮೀಟರಿಗೂ ಜಾಸ್ತಿ ಇದ್ದರೆ ಅನುಮಾನ ಬಲವಾಗುತ್ತದೆ. ಟೇಪ್ ಹಿಡಿದು ಅಳೆಯಲು ಯಾರಿಂದಲೂ ಆಗುತ್ತದೆ.

ಜ್ವರ, ಕೆಂಪು, ಉರಿ ಇದ್ದು ಶುಗರ್ ಇಲ್ಲ ಎಂದರೆ ಚರ್ಮದ ಸೋಂಕು ಇರಬಹುದು. ಅಲ್ಟ್ರಾಸೌಂಡಿನಲ್ಲಿ ಕೊಬ್ಬಿನ ಪದರ ಕಲ್ಲು ಹಾಸಿದ ಅಂಗಳದ ಹಾಗೆ ಕಾಣುತ್ತದೆ. ಆದರೆ ಹೃದಯದ ತೊಂದರೆಯಿಂದ ನೀರು ಸೇರಿದರೂ ಹಾಗೆಯೇ ಕಾಣುತ್ತದೆ, ಚಿತ್ರ ಮಾತ್ರ ನೋಡಿ ಸೋಂಕು ಅನ್ನಬಾರದು. ಸ್ಕ್ಯಾನಿನ ನಿಜವಾದ ಉಪಯೋಗ ಒಳಗೆ ಕೀವು ಕಟ್ಟಿದೆಯಾ ಅಂತ ನೋಡುವುದು. ಮೆಲ್ಲಗೆ ಒತ್ತಿದಾಗ ಒಳಗಿನದ್ದು ಸುಳಿದಾಡಿದರೆ ಕೀವು. ಅದನ್ನು ಹೊರಗೆ ತೆಗೆಯಬೇಕು, ಮಾತ್ರೆಯಿಂದ ಮಾತ್ರ ಹೋಗುವುದಿಲ್ಲ.

ರಾತ್ರಿ ಏಕಾಏಕಿ ಹೆಬ್ಬೆರಳಿನ ಬುಡ ಕೆಂಪಾಗಿ, ಬಟ್ಟೆ ತಾಗಿದರೂ ಜೀವ ಹೋಗುವಷ್ಟು ನೋವಾದರೆ ಅದು ಹೆಚ್ಚಾಗಿ ಗೌಟ್, ಅಂದರೆ ಕೀಲಿನಲ್ಲಿ ಯೂರಿಕ್ ಹರಳು ಕೂತು ಬರುವ ಬಾವು. ನೋವು ಇರುವಾಗ ರಕ್ತದ ಯೂರಿಕ್ ಆಸಿಡ್ ನಾರ್ಮಲ್ ಬರಬಹುದು, ಅದನ್ನು ನೋಡಿ ಗೌಟ್ ಅಲ್ಲ ಅನ್ನಬೇಡಿ. ಅಲ್ಟ್ರಾಸೌಂಡಿನಲ್ಲಿ ಮೃದ್ವಸ್ಥಿಯ ಮೇಲೆ ಎರಡನೇ ಬಿಳಿ ಗೆರೆ ಕಾಣುತ್ತದೆ, ಅದು ಯೂರಿಕ್ ಹರಳಿನ ಪದರ.

ವರ್ಷಗಟ್ಟಲೆ ಇರುವ, ಒತ್ತಿದರೆ ಗುಳಿ ಬೀಳದ, ಚರ್ಮ ದಪ್ಪಗಾದ ಬಾವಿನಲ್ಲಿ ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ನೋಡಿ. ಎತ್ತಲು ಆಗದಿದ್ದರೆ ದುಗ್ಧರಸದ ಬಾವು. ಆನೆಕಾಲು ರೋಗ ಅದಕ್ಕೆ ಒಂದು ಕಾರಣ.

ಇನ್ನು ಗಂಟು. ಪಾದದ ಮೇಲಿನ ಮೆತ್ತಗಿನ ಗಂಟು ಹೆಚ್ಚಾಗಿ ನೀರುಗುಳ್ಳೆ, ಅಲ್ಟ್ರಾಸೌಂಡಿನಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತದೆ, ಹೆದರಬೇಕಿಲ್ಲ. ನೋವಿಲ್ಲದೆ ಬಾತ ಪಾದದಲ್ಲಿ ಸಣ್ಣ ತೂತುಗಳಾಗಿ ಅದರಿಂದ ರವೆಯಂಥ ಕಾಳು ಬಂದರೆ ಮಧುರಾ ಪಾದ. 1842ರಲ್ಲಿ ಗಿಲ್ ಎಂಬ ವೈದ್ಯರು ಮಧುರೆಯಲ್ಲಿ ಕಂಡು ಬರೆದದ್ದರಿಂದ ಆ ಹೆಸರು. ಮಣ್ಣಿನಲ್ಲಿರುವ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೋಗಿ ಇದು ಆಗುತ್ತದೆ. ಎಂಆರ್‌ಐಯಲ್ಲಿ ಸಣ್ಣ ಬಿಳಿ ವೃತ್ತ, ಅದರ ನಡುವೆ ಕಪ್ಪು ಚುಕ್ಕೆ ಕಂಡರೆ ಅನುಮಾನ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಆ ಕಾಳನ್ನು ಲ್ಯಾಬಿಗೆ ಕಳಿಸಲೇಬೇಕು, ಯಾಕೆಂದರೆ ಎರಡಕ್ಕೂ ಮದ್ದು ಬೇರೆ.

ಆಳದಲ್ಲಿರುವ, ಗಟ್ಟಿಯಾದ, ಬೆಳೆಯುತ್ತಿರುವ ಗಂಟನ್ನು ಮಾತ್ರ ಚಿತ್ರ ಇಲ್ಲದೆ ಯಾರಿಗೂ ಕೊಯ್ಯಲು ಬಿಡಬೇಡಿ. ಪಾದದಲ್ಲಿ ಸೈನೋವಿಯಲ್ ಸಾರ್ಕೋಮ ಎಂಬ ಕ್ಯಾನ್ಸರ್ ಹರೆಯದವರಿಗೂ ಬರುತ್ತದೆ. ಅದು ನಿಧಾನಕ್ಕೆ ಬೆಳೆಯುವುದರಿಂದ ಸಾದಾ ಗಂಟು ಅಂತ ಕಾಣುತ್ತದೆ. ತಪ್ಪು ಜಾಗದಲ್ಲಿ ಕೊಯ್ದರೆ ಉಳಿಸಬಹುದಾಗಿದ್ದ ಪಾದ ಉಳಿಯುವುದಿಲ್ಲ. ಮೊದಲು ಎಂಆರ್‌ಐ, ಆಮೇಲೆ ಸೂಜಿಯಿಂದ ತುಣುಕು ಪರೀಕ್ಷೆ, ಕೊನೆಗೆ ಶಸ್ತ್ರಚಿಕಿತ್ಸೆ. ಈ ಕ್ರಮ ತಪ್ಪಬಾರದು.

ಮಂಗಳೂರಿಗೆ ಹೊರಡುವ ಮುಂಚೆ

ನಮ್ಮಲ್ಲಿ ಎಂಆರ್‌ಐ ಅಂದರೆ ಎಷ್ಟೋ ಜನರಿಗೆ ಈಗಲೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಅಲ್ಲಿ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡು ಇಲ್ಲಿಯ ಯಾರಿಗೂ ಮರೆತಿಲ್ಲ. ಇಡೀ ದಿನ, ಕೈತುಂಬ ದುಡ್ಡು ಖರ್ಚಾಗುವ ಪ್ರಯಾಣ ಅದು. ಎಕ್ಸ್‌ರೇ, ಅಲ್ಟ್ರಾಸೌಂಡ್ ಊರಿನ ಹತ್ತಿರವೇ ಮುಗಿಸಿ, ಹಳೆಯ ಫಿಲ್ಮುಗಳನ್ನೆಲ್ಲ ಕಟ್ಟಿಕೊಂಡು ಹೋಗಿ. ರಿಪೋರ್ಟ್ ಮಾತ್ರ ಸಾಲದು, ಫಿಲ್ಮೇ ಬೇಕು.

ಕಾಲುಂಗುರ, ಗೆಜ್ಜೆ ಮನೆಯಲ್ಲೇ ತೆಗೆದಿಡಿ. ಬಾತ ಬೆರಳಿನಿಂದ ಕಾಲುಂಗುರ ಬಾರದಿದ್ದರೆ ಅದನ್ನು ಕತ್ತರಿಸಿ ತೆಗೆಸುವುದು ರಕ್ತದ ಹರಿವಿಗೂ ಒಳ್ಳೆಯದು. ಲೇಪ, ಮುಲಾಮು ಹಾಕಿದ್ದರೆ ಚೆನ್ನಾಗಿ ತೊಳೆದು ಬನ್ನಿ, ಮುಲಾಮಿನ ಸತುವೂ ಲೇಪದ ಮಣ್ಣೂ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಯಾಗಿ ಕೂತು ಗಾಜಿನ ಚೂರು ಅನಿಸುತ್ತದೆ. ಹುಲ್ಲು ಕತ್ತರಿಸುವ ಯಂತ್ರದಿಂದಲೋ ಗ್ರೈಂಡರಿನಿಂದಲೋ ಯಾವತ್ತಾದರೂ ಕಬ್ಬಿಣದ ಚೂರು ಕಣ್ಣಿಗೆ ಹಾರಿದ್ದರೆ ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಹೇಳಲೇಬೇಕು. ಆಯಸ್ಕಾಂತ ಅದನ್ನು ಎಳೆದರೆ ಕಣ್ಣು ಹೋಗುತ್ತದೆ. ಪೇಸ್‌ಮೇಕರ್ ಇದ್ದರೂ ಹೇಳಬೇಕು. ಪಾದದ ಎಕ್ಸ್‌ರೇಯ ವಿಕಿರಣಕ್ಕೆ ಹೆದರಬೇಡಿ, ಒಂದು ದಿನದಲ್ಲಿ ಪ್ರಕೃತಿಯಿಂದಲೇ ನಮಗೆ ತಗಲುವುದಕ್ಕಿಂತ ಅದು ಕಡಿಮೆ.

ವೈದ್ಯ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಚೀಟಿಯಲ್ಲಿ "ಪಾದ ಬಾವು, ಎಂಆರ್‌ಐ" ಅಂತ ಮಾತ್ರ ಬರೆಯಬೇಡಿ. ಯಾವ ಕಾಲು, ಪಾದದ ಯಾವ ಜಾಗ, ಎಷ್ಟು ವಾರದಿಂದ, ಚುಚ್ಚಿತ್ತಾ, ಬಿದ್ದಿದ್ದರಾ, ಶುಗರ್ ಇದೆಯಾ, ಹುಣ್ಣು ಎಲ್ಲಿದೆ, ನಿಮ್ಮ ಅನುಮಾನ ಏನು ಅಂತ ನಾಲ್ಕು ಸಾಲು ಬರೆಯಿರಿ. ನೋವಿನ ಚುಕ್ಕೆಯ ಮೇಲೆ ಒಂದು ಮೀನೆಣ್ಣೆಯ ಕ್ಯಾಪ್ಸೂಲ್ ಅಂಟಿಸಿ ಅಂತಲೂ ಬರೆಯಬಹುದು. ಎಂಆರ್‌ಐಯಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ, ರೋಗಿ ಬೆರಳಿಟ್ಟು ತೋರಿಸಿದ ಜಾಗ ಯಾವುದು ಅಂತ ನಮಗೆ ಚಿತ್ರದಲ್ಲೇ ಗೊತ್ತಾಗುತ್ತದೆ.